ನೆಲ ಕಂಪನಿಯದು

ಶವ ತಂದ ಆಂಬುಲೆನ್ಸನ್ನು ಹಿರಿಯರ ಬಡಾವಣೆಯ ಗೇಟಿನಲ್ಲೇ ತಡೆದರು.

"ಒಳಗೆ ಬಿಡೋ ಹಾಗಿಲ್ಲ ಅಮ್ಮ," ಮ್ಯಾನೇಜರ್ ಕೈಮುಗಿದ. "ಬಾಡಿ ತರಬಾರದು ಅಂತ ರೂಲ್ಸ್ ಇದೆ. ಇಲ್ಲಿರೋರೆಲ್ಲ ವಯಸ್ಸಾದೋರು, ನೋಡಿದ್ರೆ ಹೆದರ್ಕೋತಾರೆ."

"ನಮ್ಮೆಜಮಾನ್ರನ್ನ ನಮ್ಮನೆಗೆ ಕರ್ಕೊಂಡು ಹೋಗೋಕೆ ನಿಮ್ಮನ್ನ ಕೇಳ್ಬೇಕಾ? ದುಡ್ಡು ಕೊಟ್ಟು ತಗೊಂಡಿರೋ ಮನೆ ಅದು."

"ಮನೆ ನಿಮ್ಮದೇ ಅಮ್ಮ. ನೆಲ ಕಂಪನೀದು, ರಸ್ತೇನೂ ಕಂಪನೀದು."

ಜಯಶೀಲಮ್ಮನಿಗೆ ಇದು ಹೊಸ ಮಾತಲ್ಲ. ಆ ನೆಲಕ್ಕೆ ತಿಂಗಳು ತಿಂಗಳೂ ಬಾಡಿಗೆ ಕಟ್ಟಿದ್ದರು. ತುಳಸಿಯನ್ನು ಮಣ್ಣಿನಲ್ಲಿ ನೆಡಬಾರದು ಎಂದಾಗ ಕುಂಡದಲ್ಲಿ ಇಟ್ಟಿದ್ದರು. ಮೊಮ್ಮಗಳು ವಾರಕ್ಕಿಂತ ಹೆಚ್ಚು ಉಳಿಯಬಾರದು ಎಂದಾಗ, ಅಳುತ್ತಿದ್ದವಳನ್ನು ಬಸ್ಸು ಹತ್ತಿಸಿದ್ದರು. ಆದರೆ ಸತ್ತವರನ್ನು ಅವರ ಮನೆಬಾಗಿಲಲ್ಲಿ ಇಳಿಸದೆ, ತಲೆದೆಸೆಗೆ ಒಂದು ದೀಪವನ್ನೂ ಹಚ್ಚದೆ ಕಳಿಸುವುದುಂಟೆ?

"ಒಂದು ಗಳಿಗೆ ಅಷ್ಟೇ. ನಿಮ್ಮ ಕಾಲಿಗೆ ಬೀಳ್ತೀನಪ್ಪ."

ಮ್ಯಾನೇಜರ್ ತಲೆ ತಗ್ಗಿಸಿದ. ಗೇಟು ತೆರೆಯಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ವಾರಿಜಮ್ಮ ಒಳಗಿನಿಂದ ನಡೆದು ಬಂದರು. ಕೈಯಲ್ಲಿ ದೀಪ, ಒಂದು ಚೊಂಬು ನೀರು. ಪಕ್ಕದ ಸಣ್ಣ ಬಾಗಿಲಿನಿಂದ ಹೊರಬಂದು, ರಸ್ತೆ ಬದಿಯ ಹೊಂಗೆ ಮರದ ಬುಡದಲ್ಲಿ ಒಣಗಿದ ಎಲೆಗಳನ್ನು ಕಾಲಿನಿಂದ ಸರಿಸಿ ನೀರು ಚಿಮುಕಿಸಿದರು. ದೀಪ ಹಚ್ಚಿಟ್ಟರು.

"ಇಲ್ಲೇ ಇಳಿಸಿ," ಎಂದರು ಜಯಶೀಲಮ್ಮನಿಗೆ. "ಹೋದ ವರ್ಷ ಒಳಗೆ ತರಬೇಡಿ ಅಂತ ನಿಮ್ಮೆಜಮಾನ್ರು ಗೇಟಿಗೆ ಅಡ್ಡ ನಿಂತಾಗ, ನಮ್ಮೋರನ್ನ ಮಲಗಿಸಿದ್ದು ಇಲ್ಲೇ. ನೆರಳಿದೆ."