ಉಯ್ಯಾಲೆಯ ರೂಲ್ಸು

ವೀಲ್‌ಚೇರ್ ಸಮೇತ ಹತ್ತಿ ಜೀಕುವ ಹೊಸ ಉಯ್ಯಾಲೆ ಪಾರ್ಕಿಗೆ ಬಂದಾಗಿನಿಂದ ಕಾವಲುಗಾರ ಮೈಯೆಲ್ಲ ಕಣ್ಣಾಗಿದ್ದ. ಕಂಡಕಂಡವರೆಲ್ಲ ಹತ್ತಲು ನೋಡುತ್ತಿದ್ದರು. ಇವತ್ತು, ಮೊಮ್ಮಗಳನ್ನು ವೀಲ್‌ಚೇರಿನಲ್ಲಿ ತಳ್ಳಿಕೊಂಡು ಬಂದ ಅಜ್ಜಿಯೂ ಕೇಳಿಯೇಬಿಟ್ಟಳು.

"ಮದುವೆ ಆದ್ಮೇಲೆ ಉಯ್ಯಾಲೆ ಹತ್ತೇ ಇಲ್ಲಪ್ಪ. ನಾನೂ ಒಂದ್ಸಲ...?"

"ಆಗಲ್ಲ ಅಜ್ಜಿ. ವೀಲ್‌ಚೇರಲ್ಲಿ ಕೂತೋರಿಗೆ ಮಾತ್ರ. ರೂಲ್ಸು ಅಂದ್ರೆ ರೂಲ್ಸು."

ಅಜ್ಜಿ ಸಪ್ಪೆ ಮುಖ ಮಾಡಿಕೊಂಡು ಮೊಮ್ಮಗಳನ್ನು ಹತ್ತಿಸಿ, ಉಯ್ಯಾಲೆಗೆ ಕಟ್ಟಿದ್ದ ಉದ್ದನೆಯ ಹಗ್ಗ ಎಳೆದು ತೂಗಿದಳು. ಮೊಮ್ಮಗಳು ಕೇಕೆ ಹಾಕುತ್ತ ಮನಸಾರೆ ಜೀಕಿದಳು.

ಕಾವಲುಗಾರ ಗೇಟಿನ ಕಡೆ ಹೋಗಿ ಬರುವಷ್ಟರಲ್ಲಿ ಕೇಕೆ ಇಡೀ ಪಾರ್ಕಿಗೇ ಕೇಳುತ್ತಿತ್ತು. ಉಯ್ಯಾಲೆ ಎತ್ತರೆತ್ತರಕ್ಕೆ ಹಾರುತ್ತಿತ್ತು.

"ನಿಧಾನ ಅಜ್ಜೀ! ಮಗು ಹೆದರ್ಕೊಳ್ಳುತ್ತೆ!" ಎಂದು ಓಡಿಬಂದ.

ಮಗು ಪಕ್ಕದ ಬೆಂಚಿನ ಮೇಲೆ ಕೂತು ಹಗ್ಗ ಎಳೆಯುತ್ತಿತ್ತು.

"ಅಜ್ಜಿ ವೀಲ್‌ಚೇರಲ್ಲೇ ಕೂತಿರೋದು, ಅಂಕಲ್!"