ಹತ್ತಕ್ಕೆ ಹತ್ತು

ಸುಮಿತ್ರ ಮೊದಲು ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದಳು. ಬಿಸಿಯಿತ್ತು.

"ಈಗಷ್ಟೇ ತೊಳೆಸ್ಕೊಂಡು ಬಂದೆ ಮೇಡಂ," ಅಂದರು ಯಜ್ಞನಾರಾಯಣ. "ಎಂಜಿನ್ ಆನ್ ಆಗೇ ಇದೆ, ಕೂತ್ಕೊಳ್ಳಿ. ನೀವೇ ಓಡಿಸಿ ನೋಡಿ."

ಮೈಸೂರಿನ ಈ ಬ್ಯಾಂಕ್ ಮ್ಯಾನೇಜರಿಗೆ ಊರಿಗೆ ವರ್ಗವಾಗಿತ್ತು. ಕಾರು ಮಾರುವ ಸುದ್ದಿ ಕೊಚ್ಚಿ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿತ್ತು. ಕಾಕ್ಕನಾಡಿನ ಅವರ ಫ್ಲ್ಯಾಟಿನ ಹೊರಗೆ, ರಸ್ತೆಯ ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿ ನಿಂತಿತ್ತು ಕಾರು. ಡ್ಯಾಶ್‌ಬೋರ್ಡ್ ಬಿಸಿಲಿಗೆ ಬಿಳಿಚಿಕೊಂಡಿತ್ತು.

"ನಿಮಗೆ ಒಳಗೆ ಪಾರ್ಕಿಂಗ್ ಇಲ್ವಾ?"

"ಬೇಸ್‌ಮೆಂಟಲ್ಲಿ ಇದೆ. ಆದ್ರೆ ಇಲಿ ಕಾಟ ಮೇಡಂ, ವೈರೆಲ್ಲಾ ಕಡಿದುಹಾಕ್ತವೆ."

ಉಳಿದವರ ಕಾರುಗಳೆಲ್ಲ ಬೇಸ್‌ಮೆಂಟಿನಲ್ಲೇ ಇದ್ದವು. ಅವುಗಳ ವೈರು ಇಲಿಗಳಿಗೆ ರುಚಿಸಲಿಲ್ಲವೇನೋ ಎಂದುಕೊಂಡು ಸುಮಿತ್ರ ಸ್ಟಿಯರಿಂಗ್ ಹಿಡಿದಳು. ಹೃದಯದ ಕಾಯಿಲೆಯ ತಾಯಿಯನ್ನು ತಿಂಗಳಿಗೊಮ್ಮೆ ತಿರುವನಂತಪುರದ ಆಸ್ಪತ್ರೆಗೆ ಕರೆದೊಯ್ಯುವವಳು ಅವಳೇ. ಹೋದ ಸಲ ಹಳೇ ಕಾರು ಹರಿಪ್ಪಾಡ್ ದಾಟಿದ ಮೇಲೆ ಕೆಟ್ಟು ನಿಂತಿತ್ತು. ತಾಯಿ ಮಧ್ಯಾಹ್ನವಿಡೀ ಪಂಕ್ಚರ್ ಅಂಗಡಿಯ ಸ್ಟೂಲಿನ ಮೇಲೆ ಎದೆ ಹಿಡಿದುಕೊಂಡು ಕೂತಿದ್ದರು. ಅಂಥ ದಿನ ಇನ್ನೊಂದು ಬರಬಾರದು. ಅವಳಿಗೆ ಬೇಕಾದ್ದು ಅಷ್ಟೇ.

"ಅಮ್ಮೇ, ಎಷ್ಟು ಯೋಚನೆ ಮಾಡ್ತೀರಿ?" ಹಿಂದಿನ ಸೀಟಿನಿಂದ ಮಗಳು ನಿಶ್ಮಿತಾ ಮಲಯಾಳದಲ್ಲಿ ಅಂದಳು. ಫೋನು ಅವಳ ಮೂಗಿನ ಹತ್ತಿರವಿತ್ತು. "ಸರ್ವೇ ನೋಡಿ. ಕಾರು ಇಟ್ಟುಕೊಂಡವರನ್ನೇ ಕೇಳಿ ಮಾಡಿದ್ದು. ನಂಬಿಕೆಗೆ ಈ ಕಂಪನಿಯೇ ಮೊದಲು."

"ಇಟ್ಟುಕೊಂಡವರು ತಮ್ಮ ಕಾರನ್ನ ಕೆಟ್ಟದು ಅಂತಾರಾ? ದುಡ್ಡು ಕೊಟ್ಟವರು ಅವರೇ ಅಲ್ವಾ?"

ಯಜ್ಞನಾರಾಯಣ ಜೋರಾಗಿ ನಕ್ಕರು. "ವಕೀಲರ ಆಫೀಸಿನವರ ಹತ್ತಿರ ವ್ಯಾಪಾರ ಕಷ್ಟ ಕಣಮ್ಮಾ."

ಸರ್ಕಾರಿ ವಕೀಲರ ಕಚೇರಿಯಲ್ಲಿ ಕೂತು ಸುಮಿತ್ರ ಬಹಳ ಸಾಕ್ಷಿಗಳ ಮಾತು ಕೇಳಿದ್ದಳು. ಹೀಗೆ ನಗುವವರನ್ನೂ ನೋಡಿದ್ದಳು. ಕಲೆಕ್ಟರೇಟ್ ಸಿಗ್ನಲ್‌ನಲ್ಲಿ ಕಾರು ನಿಂತಾಗ ಪೆಟ್ರೋಲು ಉಳಿಯಲೆಂದು ಅವಳ ಕೈ ಕೀಗೆ ಹೋಯಿತು.

"ಬೇಡ ಬೇಡ ಮೇಡಂ, ಎಸಿ ಹೋಗುತ್ತೆ. ಸೆಕೆ!"

ಅದೇ ಹೊತ್ತಿಗೆ ಕಾರಿನ ಸ್ಪೀಕರಿನಲ್ಲೇ ಅವರ ಫೋನು ಹೊಡೆದುಕೊಂಡಿತು. ಅವರು ಎತ್ತಿದರು. ಯಾವುದೋ ಹುಡುಗಿ ತನ್ನ ಸಂಸ್ಥೆಯ ಹೆಸರು ಹೇಳಿ, ಕಾರು ಮಾಲೀಕರ ಸರ್ವೇ, ಎರಡೇ ನಿಮಿಷ ಸಾಕು ಸರ್ ಅಂದಳು.

ಸುಮಿತ್ರ ಕನ್ನಡಿಯಲ್ಲಿ ಮಗಳ ಮುಖ ನೋಡಿದಳು. ಇಷ್ಟು ಸರಿಯಾದ ಹೊತ್ತಿಗೆ ಫೋನು? ಇವರೇ ಯಾರಿಗೋ ಹೇಳಿ ಮಾಡಿಸಿದ್ದಿರಬೇಕು.

"ಅಲ್ಲಮ್ಮೇ," ನಿಶ್ಮಿತಾ ಮುಂದಕ್ಕೆ ಬಾಗಿ ಕಿವಿಯಲ್ಲಿ ಅಂದಳು. "ನಾನು ಓದ್ತಿರೋ ಸರ್ವೇಯವರೇ ಇವರು. ಹೆಸರು ಅದೇ."

"ಕಾರು ಯಾವತ್ತಾದರೂ ನಿಮ್ಮನ್ನು ದಾರಿಯಲ್ಲಿ ಕೈಬಿಟ್ಟಿದೆಯೇ ಸರ್?"

"ಒಂದು ದಿನವೂ ಇಲ್ಲ."

"ಆಫೀಸಿಗೆ ತಡವಾದದ್ದು?"

"ಇಲ್ಲಮ್ಮ."

"ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ?"

"ಹತ್ತು!"

ಒಂದು ಮಾತಿಗೂ ಅವರು ತಡವರಿಸಲಿಲ್ಲ. ಸುಮಿತ್ರಳಿಗೆ ಕಸಿವಿಸಿಯಾದದ್ದು ಅದಕ್ಕೇ. ಮುಖ ನೋಡಿದರೆ ಸುಳ್ಳು ಹೇಳುವವರಂತೆ ಕಾಣುತ್ತಿರಲಿಲ್ಲ.

ಫ್ಲ್ಯಾಟಿನ ಹತ್ತಿರ ವಾಪಸು ಬಂದಾಗ ಅವರು ಕೈ ತೋರಿಸಿದರು. "ಸ್ವಲ್ಪ ಮೇಲೆ ಹೋಗಿ ತಿರುಗಿಸ್ಕೊಂಡು ಬನ್ನಿ ಮೇಡಂ. ಮೂತಿ ಕೆಳಗೆ ಬರ್ಲಿ."

ಸುಮಿತ್ರಳ ಕಾಲು ಬ್ರೇಕಿನ ಮೇಲೆ ನಿಂತಿತು. ಚಿಕ್ಕಂದಿನಲ್ಲಿ ಅಪ್ಪನ ಜೀಪೂ ಹೀಗೆಯೇ ನಿಲ್ಲುತ್ತಿತ್ತು. ಬ್ರೇಕ್ ಬಿಟ್ಟರೆ ತಾನೇ ಉರುಳಬೇಕು, ಉರುಳುವಾಗ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಹಿಡಿಯಬೇಕು. ಕೀ ತಿರುಗಿಸಿದರೆ ಅದು ಹಿಡಿಯುತ್ತಿರಲಿಲ್ಲ.

ಅವಳು ಮೇಲಕ್ಕೆ ಹೋಗಲಿಲ್ಲ. ಗೇಟಿನೊಳಗೆ ತಿರುಗಿಸಿ ಬೇಸ್‌ಮೆಂಟಿಗೆ ಇಳಿಸಿದಳು.

"ಅಲ್ಲಿ ಯಾಕೆ ಮೇಡಂ? ಇಲಿ..."

ಗೋಡೆಯ ಮೇಲೆ ಅವರ ಫ್ಲ್ಯಾಟಿನ ನಂಬರು ಬರೆದ ಜಾಗ ಖಾಲಿಯಿತ್ತು. ನೆಲದ ಧೂಳಿನಲ್ಲಿ ಟೈರಿನ ಗುರುತೇ ಇರಲಿಲ್ಲ. ಸುಮಿತ್ರ ಕಾರನ್ನು ಅಲ್ಲಿ ನಿಲ್ಲಿಸಿ ಕೀ ತಿರುಗಿಸಿದಳು. ಎಂಜಿನ್ ನಿಂತಿತು.

"ಅಯ್ಯೋ, ಆಫ್ ಮಾಡಿಬಿಟ್ರಾ!"

ಮತ್ತೆ ಕೀ ತಿರುಗಿಸಿದಳು. ಟಕ್. ಇನ್ನೊಮ್ಮೆ. ಟಕ್. ಅಷ್ಟೇ.

ಯಜ್ಞನಾರಾಯಣ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. "ಬಿಸಿಯಾದಾಗ ಸೆಲ್ಫ್ ಸ್ಟಾರ್ಟ್ ತಗೊಳ್ಳಲ್ಲ ಮೇಡಂ. ಎರಡು ಸಲ ರಿಪೇರಿ ಮಾಡಿಸ್ದೆ. ಆಮೇಲೆ ಇಳಿಜಾರಲ್ಲಿ ನಿಲ್ಲಿಸೋದೇ ಅಭ್ಯಾಸ ಆಗೋಯ್ತು. ನಿಮ್ಮ ಹತ್ತಿರ ಮುಚ್ಚಿಟ್ಟಿದ್ದು ತಪ್ಪು, ಒಪ್ಕೋತೀನಿ. ಆದ್ರೆ ಆ ಹುಡುಗಿಗೆ ನಾನು ಸುಳ್ಳು ಹೇಳಿಲ್ಲ. ದಾರೀಲಿ ಕೈಬಿಟ್ಟಿದೆಯಾ ಅಂದ್ಲು. ದೇವರಾಣೆ, ಒಂದು ದಿನವೂ ಬಿಟ್ಟಿಲ್ಲ."

"ನೀವು ಹೇಳಿದ್ದು ನಿಜವೇ," ಅಂದಳು ಸುಮಿತ್ರ. "ಎಲ್ಲಿ ನಿಲ್ಲಿಸ್ತೀರಿ ಅಂತ ಅವಳು ಕೇಳ್ಲಿಲ್ಲ."

ಹಿಂದಿನ ಸೀಟಿನಲ್ಲಿ ನಿಶ್ಮಿತಾ ಫೋನನ್ನು ಚೀಲದೊಳಗೆ ಹಾಕಿಕೊಂಡಳು.

ಸುಮಿತ್ರ ಇಳಿದು, ಕೀಯನ್ನು ಅವರ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಬನ್ನಿ ಮಾರಾಯ್ರೆ, ನೀವು ಸ್ಟಿಯರಿಂಗ್ ಹಿಡೀರಿ. ನಾವಿಬ್ಬರು ದೂಡ್ತೇವೆ."

"ಅಂದ್ರೆ... ಕಾರು ಬೇಡ್ವಾ ಮೇಡಂ? ಬೆಲೆ ಬೇಕಾದ್ರೆ ನೋಡೋಣ."

ಕಾರನ್ನು ಹಿಂದಕ್ಕೆ ದೂಡಲು ಸುಮಿತ್ರ ಎರಡೂ ಕೈಗಳನ್ನು ಬಾನೆಟ್ಟಿಗೆ ಊರಿದಳು. ಅದು ಇನ್ನೂ ಬಿಸಿಯಿತ್ತು.

"ಬೆಲೆಯ ಮಾತಲ್ಲ. ಅಮ್ಮನ ಆಸ್ಪತ್ರೆಯ ಅಂಗಳ ಸಮತಟ್ಟು ಉಂಟು."