ಅಂಗೈಗೆ ಬಂದ ಬಣ್ಣ

ಬಾಗಿಲ ಸಂದಿಯಿಂದ ಅವನು ಕಂಡದ್ದು ಇಷ್ಟೇ. ಹೆಂಡತಿ ಜೇಬಿನಿಂದ ಪುಟ್ಟ ಸೀಸೆ ತೆಗೆದಳು. ಅವನ ಬಟ್ಟಲಿನ ಟೊಮೆಟೊ ಸೂಪಿಗೆ ಏನನ್ನೋ ತೊಟ್ಟಿಕ್ಕಿಸಿದಳು. ಚಮಚದಿಂದ ಚೆನ್ನಾಗಿ ಕಲಕಿದಳು. ತನ್ನ ಬಟ್ಟಲಿಗೆ ಹಾಕಿಕೊಳ್ಳಲಿಲ್ಲ.

"ಬಿಸಿ ಇರುವಾಗಲೇ ಕುಡೀರಿ," ಎನ್ನುತ್ತ ಮೇಜಿಗೆ ತಂದಿಟ್ಟಳು.

ಹಸಿವಿಲ್ಲವೆಂದ. ಅವಳ ಮುಖ ಸಪ್ಪಗಾಯಿತು. ಒಂದೆರಡು ಗುಟುಕಾದರೂ ಕುಡಿಯಲೇಬೇಕೆಂದು ಪಟ್ಟು ಹಿಡಿದಳು. ಅವಳ ಎದುರಿಗೇ ಬಾಯಿ ತುಂಬಿಸಿಕೊಂಡು, ಬಚ್ಚಲಿಗೆ ಹೋಗಿ ಉಗಿದ. ಕೊಳಾಯಿ ಬಿಟ್ಟು ಬಹಳ ಹೊತ್ತು ಬಾಯಿ ಮುಕ್ಕಳಿಸಿದ.

ಅವನು ಬೀಗ ರಿಪೇರಿಯವನು. ಕೈಯೇ ಅವನ ಬಂಡವಾಳ. ಆ ಕೈ ಕೆಲವು ವಾರಗಳಿಂದ ಬಣ್ಣ ತಿರುಗಿತ್ತು. ಮೊದಲು ಅಂಗೈ ಹಳದಿಯಾಯಿತು, ಆಮೇಲೆ ಅಂಗಾಲು, ಈಗ ಮೂಗಿನ ಅಕ್ಕಪಕ್ಕ. ಗಿರಾಕಿಗಳು ಕೀಲಿ ತೆಗೆದುಕೊಳ್ಳುವಾಗ ಅವನ ಬೆರಳು ತಾಗದಂತೆ ನೋಡಿಕೊಳ್ಳುತ್ತಿದ್ದರು. ಪಕ್ಕದಂಗಡಿಯ ದರ್ಜಿ, "ಚೆನ್ನಾಗಿ ಮಾಗ್ತಾ ಇದೀಯಪ್ಪ, ಉದುರೋದು ಯಾವಾಗ?" ಎಂದು ನಕ್ಕಿದ್ದ. ಅವನೂ ನಕ್ಕಿದ್ದ.

ನಗಲು ಕಾರಣವಿತ್ತು. ಹೆಂಡತಿ ಅವನಿಗಿಂತ ಮೊದಲೇ ಹಳದಿಯಾಗಿದ್ದಳು. ಅವಳ ಕೆಲಸ ತಿಂಡಿಗಳಿಗೆ ಹಾಕುವ ಬಣ್ಣದ ಕಾರ್ಖಾನೆಯಲ್ಲಿ. ಆಗೆಲ್ಲ ಅವನು ಡಾಕ್ಟರ ಹತ್ತಿರ ಹೋಗೋಣ ಬಾ ಎಂದು ದಿನಾ ಜೀವ ತಿನ್ನುತ್ತಿದ್ದ. ಬಣ್ಣದ ನಡುವೆ ಇರುವವಳಿಗೆ ಬಣ್ಣ ಹತ್ತದೆ ಇನ್ನೇನು, ನನ್ನ ಬಟ್ಟೆಯಿಂದ ನಿಮಗೂ ಹತ್ತುತ್ತದೆ ನೋಡುತ್ತಿರಿ ಎಂದು ಅವಳು ಹಾರಿಸಿಬಿಡುತ್ತಿದ್ದಳು. ಕೊನೆಗೆ ಅವನ ಅಂಗೈಗೂ ಬಣ್ಣ ಬಂತು. ವಾದ ಅಲ್ಲಿಗೆ ಮುಗಿಯಿತು.

ಈಗ ಸೀಸೆ ಕಂಡ ಮೇಲೆ ತಲೆಯೊಳಗೆ ಹುಳ ಹೊಕ್ಕಿತು.

ಕಾರ್ಖಾನೆಯ ಯಂತ್ರದ ಬಗ್ಗೆ ಅವಳೇ ಒಮ್ಮೆ ಹೇಳಿದ್ದಳು. ಒಣಗಿಸಿದ ಕ್ಯಾರೆಟ್ ತುರಿಯನ್ನು ಉಕ್ಕಿನ ಕೊಳವೆಗೆ ತುಂಬುತ್ತಾರೆ. ಇಂಗಾಲದ ಡೈಆಕ್ಸೈಡನ್ನು ಕಾಯಿಸಿ, ಅತ್ತ ಅನಿಲವೂ ಅಲ್ಲ ಇತ್ತ ದ್ರವವೂ ಅಲ್ಲ ಎನ್ನುವಷ್ಟು ಒತ್ತಿ, ಅದರೊಳಗೆ ಹಾಯಿಸುತ್ತಾರೆ. ಒತ್ತಡ ಬಿಟ್ಟಾಗ ಅದು ಗಾಳಿಯಾಗಿ ಹಾರಿಹೋಗುತ್ತದೆ, ಬಣ್ಣ ಮಾತ್ರ ಹನಿಹನಿಯಾಗಿ ಕೆಳಗಿಳಿಯುತ್ತದೆ. "ಇದ್ದ ಸತ್ವ ಎಲ್ಲ ಹೀರಿಕೊಂಡು ಹೋಗುತ್ತೆ ರೀ. ಹಿಂದೆ ಒಂದು ಕುರುಹೂ ಉಳಿಯಲ್ಲ." ಅಂದು ಬೆರಗಾಗಿ ಕೇಳಿದ್ದ. ಇಂದು ಅದೇ ಮಾತಿಗೆ ಬೇರೆಯೇ ಅರ್ಥ ಹುಟ್ಟಿತು.

ಅವಳು ಈಚೆಗೆ ತಟ್ಟೆಯಲ್ಲಿದ್ದುದನ್ನು ಕೆದಕಿ ಬಿಡುತ್ತಿದ್ದಳು. ಊಟದಲ್ಲಿ ಏನಿದೆಯೆಂದು ಗೊತ್ತಿದ್ದಕ್ಕೇ? ಯಂತ್ರದ ಕೋಣೆಯ ದೀಪಕ್ಕೆ ಕಣ್ಣುರಿಯೆಂದು ಮನೆಯಲ್ಲೂ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಿದ್ದಳು. ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಮಾತಿನ ನಡುವೆ ತೋಳು ಪರಪರ ಕೆರೆದುಕೊಳ್ಳುತ್ತಿದ್ದಳು, ಒಂದೆಡೆ ನಿಲ್ಲಲಾಗದವಳಂತೆ.

ಭಾನುವಾರ ಅವನು ಅಂಗಡಿಗೆ ಹೊರಟವನು ತನ್ನ ಕನ್ನಡಕ ಮರೆತು ಹಿಂತಿರುಗಿದ. ಒಳಗೆ ಅವಳು ಫೋನಿನಲ್ಲಿದ್ದಳು. ಆ ಕಡೆ ಇದ್ದವಳು ಅವನ ಒಡಹುಟ್ಟಿದ ಅಕ್ಕ.

"ಇನ್ನು ತುಂಬ ದಿನ ಇಲ್ಲ ಅತ್ತಿಗೆ. ಅವರಿಗೆ ಮಾತ್ರ ಸುಳಿವು ಸಿಗಬಾರದು. ಆಮೇಲಿನದ್ದು ನೀವು ನೋಡ್ಕೊಳ್ಳಿ."

ಅಕ್ಕನೂ ಸೇರಿದ್ದಾಳೆ. ಸದ್ದಿಲ್ಲದೆ ಹಿಂದೆ ಸರಿದು ಬೀದಿಗೆ ಬಂದ.

ಮರುದಿನ ಅವಳು ಕೆಲಸಕ್ಕೆ ಹೋದದ್ದೇ ತಡ, ಅವಳ ಕಪಾಟಿನ ಮುಂದೆ ಕೂತ. ಅವನಿಗೆ ಅದೂ ಒಂದು ಬೀಗವೇ? ಬಟ್ಟೆಗಳ ಹಿಂದೆ ಸೀಸೆ ಸಿಕ್ಕಿತು. ಕೆಂಗಿತ್ತಳೆ ಬಣ್ಣದ ಮಂದ ಎಣ್ಣೆ. ಅರ್ಧಕ್ಕಿಂತ ಹೆಚ್ಚು ಖಾಲಿ.

ಸೀಸೆಯನ್ನೂ ತನ್ನ ಅನುಮಾನವನ್ನೂ ಡಾಕ್ಟರಮ್ಮನ ಮುಂದಿಟ್ಟ. ಆಕೆ ರಕ್ತ ತೆಗೆಸಿದರು, ಸೀಸೆಯನ್ನು ಪರೀಕ್ಷೆಗೆ ಕಳಿಸಿದರು. ಆ ವಾರವೆಲ್ಲ ಅವನು ಹೊರಗೇ ತಿಂದ, ಹೆಂಡತಿ ಮಲಗಿದ ಮೇಲೆ ಮನೆಗೆ ಬಂದ, ಅವಳು ಏಳುವ ಮೊದಲೇ ಹೊರಟ. ಸೀಸೆ ಎಲ್ಲಿ ಹೋಯಿತೆಂದು ಅವಳು ಕೇಳಲಿಲ್ಲ. ಕೇಳದೆ ಇದ್ದದ್ದೇ ಅವನನ್ನು ಇನ್ನಷ್ಟು ಹೆದರಿಸಿತು.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ನಕ್ಕರು. ರಕ್ತ ಶುದ್ಧವಾಗಿದೆ, ಯಕೃತ್ತು ಗಟ್ಟಿಮುಟ್ಟಾಗಿದೆ, ಸೀಸೆಯಲ್ಲಿರುವುದು ಬರೀ ಕ್ಯಾರೆಟ್ ಬಣ್ಣ, ತಿನ್ನುವುದು ಬಿಟ್ಟರೆ ತಾನಾಗಿ ಇಳಿಯುತ್ತದೆ ಎಂದರು.

"ಕಾಮಾಲೆ ಆಗಿದ್ರೆ ಕಣ್ಣಿನ ಬಿಳಿಯೂ ಹಳದಿಯಾಗ್ತಿತ್ತು. ಈ ಬಣ್ಣ ಕಣ್ಣಿಗೆ ಹತ್ತಲ್ಲ. ನಿಮ್ಮ ಕಣ್ಣು ನೋಡಿ, ಹಾಲಿನ ಹಾಗಿದೆ."

ಅವನಿಗೆ ಹೋದ ಜೀವ ಬಂದಂತಾಯಿತು. ಎದ್ದು ಹೊರಡುವಾಗ, ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ಇದು ಬಟ್ಟೆಯಿಂದ ಅಂಟುತ್ತದೆಯೇ ಎಂದು ಸುಮ್ಮನೆ ಕೇಳಿದ.

"ಮುಟ್ಟಿದ್ರೆ ತೊಳೆದಾಗ ಹೋಗುತ್ತೆ. ಮೈಯೆಲ್ಲ ಹೀಗಾಗಬೇಕಾದ್ರೆ ದಿನಾ ತಿನ್ನಬೇಕು."

ಅವಳು ಆ ಬಣ್ಣ ತಿಂದದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಓಡುನಡಿಗೆಯಲ್ಲಿ ಮನೆ ಸೇರಿದ. ಅವಳು ಕೆಲಸಕ್ಕೆ ಹೋಗಿರಲಿಲ್ಲ. ಬಚ್ಚಲಲ್ಲಿ ಅವನಿಗೆ ಬೆನ್ನು ಮಾಡಿ ಮುಖ ತೊಳೆಯುತ್ತಿದ್ದಳು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದ.

ಅವಳು ಕೊಳಾಯಿ ನಿಲ್ಲಿಸಿದಳು. "ನೀವೂ ಹಳದಿಯಾದ ಮೇಲೆ ತಾನೇ, ಡಾಕ್ಟರ ಹತ್ತಿರ ಬಾ ಅಂತ ನನ್ನ ಕಾಡೋದು ಬಿಟ್ಟಿದ್ದು? ನಾನು ಇರೋಷ್ಟು ದಿನ ನೀವು ನಗ್ತಾ ಇರಬೇಕು ಅನ್ನಿಸ್ತು."

ಅವಳು ತಿರುಗಿದಳು, ಕಣ್ಣಿನ ಬಿಳಿಯಲ್ಲಿ ಬಿಳಿಯೆಂಬುದೇ ಉಳಿದಿರಲಿಲ್ಲ.